ಒಂದು ಗೇಣು ದೂರದ ಚೆಂಡು

ಭಾನುವಾರ ಊಟಕ್ಕೆ ಬಂದ ಮೊಮ್ಮಗಳು ಕೈ ಒರೆಸಿಕೊಂಡ ಮೇಲೂ ಟವೆಲ್ಲನ್ನು ಹಿಂಡುತ್ತ ಅಡುಗೆಮನೆಯ ಬಾಗಿಲಲ್ಲೇ ನಿಂತಿದ್ದಳು. ಏನೋ ಕೇಳುವುದಿದೆ ಎಂದು ಗೊತ್ತಾಯಿತು. ಚಿಕ್ಕವಳಿದ್ದಾಗಲೂ ಹೀಗೇ. ಬಾಯಿ ತೆರೆಯುವ ಮೊದಲು ಕೈಗೊಂದು ಬಟ್ಟೆ ಬೇಕು.

"ಅಜ್ಜಿ, ಗಾಲ್ಫ್ ಕಲಿತ್ರೆ ನಮ್ಮ ಕೆಲಸದಲ್ಲಿ ಬೇಗ ಮೇಲೆ ಬರಬಹುದಾ?"

"ಯಾರೇ ಹೇಳಿದ್ದು?"

"ಆಫೀಸಲ್ಲಿ ಎಲ್ರೂ ಹೇಳ್ತಾರೆ. ಅರ್ಧ ಫೀಸು ಕಂಪನೀನೇ ಕೊಡುತ್ತಂತೆ. ಆದ್ರೆ ಶನಿವಾರ ಪೂರ್ತಿ ಕೈಬಿಟ್ಟು ಹೋಗುತ್ತೆ. ಅಮ್ಮನ್ನ ಕೇಳಿದೆ. 'ನಿಮ್ಮಜ್ಜೀನ ಕೇಳು, ಅವರ ಗಾಲ್ಫಿನಿಂದ ಒಂದು ವರ್ಷ ನಾನು ಒಂದು ಜಡೆ ಮೇಲೆ, ಒಂದು ಜಡೆ ಕೆಳಗೆ ಹಾಕ್ಕೊಂಡು ಸ್ಕೂಲಿಗೆ ಹೋಗಿದೀನಿ' ಅಂದ್ರು."

ಐವತ್ತರ ಹತ್ತಿರ ಬಂದರೂ ನನ್ನ ಮಗಳಿಗೆ ಆ ಜಡೆಗಳ ಮೇಲಿನ ಸಿಟ್ಟು ಇಳಿದಿಲ್ಲ. ನಗು ಬಂತು. ಮೊಮ್ಮಗಳೂ ನನ್ನ ಹಾಗೆ, ಬೇರೆಯವರ ಹಣವನ್ನು ಎಲ್ಲಿ ಹೂಡಿದರೆ ಒಳ್ಳೆಯದೆಂದು ಹೇಳುವ ಕಂಪನಿಯಲ್ಲಿ ಕೆಲಸಕ್ಕೆ ಸೇರಿ ಎರಡು ವರ್ಷವಾಗಿದೆ. ಅವಳ ಪ್ರಶ್ನೆ ತಮಾಷೆಯದಲ್ಲ.

"ಕೂತ್ಕೋ," ಎಂದೆ. "ಹೌದು, ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋಕಾಗಲ್ಲ ಅದು."

ಆಗ ನನಗೆ ಮೂವತ್ತಾರು ವರ್ಷ. ನಮ್ಮ ಕಂಪನಿ ಕಾರ್ಮಿಕರ ಪಿಂಚಣಿ ನಿಧಿಗಳನ್ನು ನೋಡಿಕೊಳ್ಳುತ್ತಿತ್ತು. ನಾಲ್ಕನೇ ಮಹಡಿಯ ಉದ್ದನೆಯ ಕೋಣೆಯಲ್ಲಿ ನಾವು ಹನ್ನೊಂದು ಜನ ಕೂರುತ್ತಿದ್ದೆವು. ಯಾವ ಕಂಪನಿ ಗಟ್ಟಿ, ಯಾವುದು ಬರೀ ಥಳುಕು ಎಂದು ಓದಿ, ವಿಚಾರಿಸಿ, ವರದಿ ಬರೆಯುವುದು ನಮ್ಮ ವಿಭಾಗದ ಕೆಲಸ. ನನ್ನ ಮೇಜು ಕಡತದ ಬೀರುವಿಗೆ ಅಂಟಿಕೊಂಡಿತ್ತು. ಯಾರಾದರೂ ಬೀರುವಿನ ಬಾಗಿಲು ತೆರೆದರೆ ನಾನು ಮೊಣಕೈ ಒಳಗೆಳೆದುಕೊಳ್ಳಬೇಕು. ಹನ್ನೊಂದು ವರ್ಷ ಹಾಗೆ ಎಳೆದುಕೊಂಡು ಎಳೆದುಕೊಂಡು, ಮನೆಯಲ್ಲಿ ಊಟಕ್ಕೆ ಕೂತಾಗಲೂ ಯಾರಾದರೂ ಹಿಂದಿನಿಂದ ಹಾದರೆ ಮೊಣಕೈ ತಾನೇ ಒಳಗೆ ಹೋಗುತ್ತಿತ್ತು.

ಕೋಣೆಯ ಕೊನೆಯಲ್ಲಿ, ಇದ್ದ ಒಂದೇ ಕಿಟಕಿಯ ಪಕ್ಕ, ವಿಭಾಗದ ಮುಖ್ಯಸ್ಥರ ಕುರ್ಚಿ. ಅದರಲ್ಲಿ ಕೂರುತ್ತಿದ್ದ ಹಿರಿಯರು ಮುಂದಿನ ವರ್ಷ ನಿವೃತ್ತಿಯಾಗುವವರಿದ್ದರು. ಆ ಕುರ್ಚಿ ನನಗೆ ಬೇಕಾಗಿತ್ತು. ಈಗ ಹೇಳಲು ಸಂಕೋಚವಿಲ್ಲ, ಆಗ ಗಂಡನ ಹತ್ತಿರ ಬಿಟ್ಟು ಯಾರ ಹತ್ತಿರವೂ ಹೇಳಿರಲಿಲ್ಲ. ವಿಭಾಗದ ಅರ್ಧ ವರದಿಗಳು ನನ್ನ ಕೈಯಿಂದಲೇ ಹೋಗುತ್ತಿದ್ದವು. ಇನ್ನೊಬ್ಬ ಅಭ್ಯರ್ಥಿ ಎಂದರೆ ನಾವೆಲ್ಲ 'ಇಸ್ತ್ರಿ' ಎಂದು ಕರೆಯುತ್ತಿದ್ದ ಸಹೋದ್ಯೋಗಿ. ಸಂಜೆ ಆರಕ್ಕೂ ಅವನ ಅಂಗಿಯಲ್ಲಿ ಒಂದು ಸುಕ್ಕು ಕಾಣುತ್ತಿರಲಿಲ್ಲ. ಕೆಟ್ಟವನಲ್ಲ. ಕೆಲಸ ಹಗುರ, ಮಾತು ಬಲು ಮೃದು.

ಒಂದು ಸೋಮವಾರ, ನಲವತ್ತು ಪುಟದ ವರದಿ ಹಿಡಿದು ನಿರ್ದೇಶಕರ ಕೋಣೆಗೆ ಹೋದೆ. ಅವರು ಎದ್ದು, ನನಗೆ ಕುರ್ಚಿ ಎಳೆದುಕೊಟ್ಟು, ನಗುತ್ತಲೇ ಹೇಳಿದರು: "ಅಯ್ಯೋ, ಅದು ಶನಿವಾರಾನೇ ತೀರ್ಮಾನ ಆಯ್ತಲ್ಲಮ್ಮ. ಏಳನೇ ಕುಳಿ ಹತ್ತಿರ."

ಏಳನೇ ಕುಳಿ ಎಂದರೆ ಊರಾಚೆಯ ಗಾಲ್ಫ್ ಮೈದಾನದ ಏಳನೇ ಕುಳಿ. ಇಸ್ತ್ರಿ ಪ್ರತಿ ಶನಿವಾರ ಅವರ ಜೊತೆ ಅಲ್ಲಿಗೆ ಹೋಗುತ್ತಿದ್ದ. ನಾನು ಮೂರು ವಾರ ಕೂತು ಬರೆದದ್ದನ್ನು ಅವರು ಹುಲ್ಲಿನ ಮೇಲೆ ನಡೆಯುತ್ತ ಹತ್ತು ನಿಮಿಷದಲ್ಲಿ ಮುಗಿಸಿದ್ದರು.

ಮನೆಗೆ ಬಂದು ಚಪ್ಪಲಿಯನ್ನು ಒಂದೊಂದು ಮೂಲೆಗೆ ಎಸೆದೆ. ನನ್ನವರು ಶಾಲೆಯಲ್ಲಿ ಚಿತ್ರಕಲೆಯ ಮೇಷ್ಟ್ರು. ಮಕ್ಕಳ ಚಿತ್ರಗಳನ್ನು ತಿದ್ದುತ್ತ ಕೂತಿದ್ದವರು ಎದ್ದು, ಎರಡೂ ಚಪ್ಪಲಿ ಹೆಕ್ಕಿ ಜೋಡಿಸಿಟ್ಟು, "ಅವರು ಎಲ್ಲಿ ಮಾತಾಡ್ತಾರೋ ಅಲ್ಲಿಗೇ ಹೋಗು ಮಾರಾಯ್ತಿ. ಇಲ್ಲಿ ಚಪ್ಪಲಿ ಎಸೆದ್ರೆ ಅವರಿಗೇನು ಕೇಳ್ಸುತ್ತಾ?" ಎಂದರು.

"ಆ ವಯಸ್ಸಾ ನನ್ನದು?"

"ಎಪ್ಪತ್ತರ ಮುದುಕರು ಆಡ್ತಾರೆ. ನೀನು ಅವರ ಮುಂದೆ ಎಳೇ ಕೂಸು."

ಮೈದಾನದಲ್ಲಿ ಬೆಳಿಗ್ಗೆ ಏಳರ ತನಕ ಯಾರು ಬೇಕಾದರೂ ಅಭ್ಯಾಸ ಮಾಡಬಹುದಿತ್ತು. ಮೊದಲ ದಿನ ನಾನು ಹಳೆಯ ಅಂಗಡಿಯಿಂದ ತಂದ ಮೂರು ಕೋಲು ಹಿಡಿದು, ಎಲ್ಲಿ ನಿಲ್ಲಬೇಕೆಂದು ತಿಳಿಯದೆ ಬೇಲಿಯ ಪಕ್ಕ ನಿಂತಿದ್ದೆ. ಹುಲ್ಲು ಕತ್ತರಿಸುವ ಯಂತ್ರವನ್ನು ನಿಲ್ಲಿಸಿ ಮಾಲಿ ಬಂದರು. ಐವತ್ತೈದು ದಾಟಿದ, ಬಿಸಿಲಿಗೆ ಕಪ್ಪಾದ ಮನುಷ್ಯ. ನನ್ನ ಕೈಯ ಕೋಲನ್ನು ನೋಡಿ, "ಅದು ಎಡಗೈಯವರ ಕೋಲಮ್ಮ," ಎಂದರು. ನಗಲಿಲ್ಲ. ನಾನು ನಕ್ಕಮೇಲೆ ನಕ್ಕರು.

ಅಂದಿನಿಂದ ಹನ್ನೊಂದು ತಿಂಗಳು ಅವರೇ ನನ್ನ ಗುರು. ದುಡ್ಡು ಮುಟ್ಟಲಿಲ್ಲ. "ಯಂತ್ರ ತಣ್ಣಗಾಗೋ ತನಕ ನನಗೂ ಬೇರೆ ಕೆಲಸ ಇಲ್ಲ," ಎನ್ನುತ್ತಿದ್ದರು. ಆ ಯಂತ್ರ ತಣ್ಣಗಾಗಲು ದಿನಾ ನಲವತ್ತು ನಿಮಿಷ ತೆಗೆದುಕೊಳ್ಳುತ್ತಿತ್ತು. ಹೆಂಗಸರು ಬಟ್ಟೆ ಬದಲಿಸಲು ಅಲ್ಲಿ ಜಾಗವಿರಲಿಲ್ಲ. ಎರಡನೇ ವಾರ ಅವರು ತಮ್ಮ ಉಪಕರಣದ ಕೊಟ್ಟಿಗೆಯ ಬೀಗದ ಕೈಯನ್ನು ನನ್ನ ಅಂಗೈಯಲ್ಲಿಟ್ಟರು. ಒಳಗೆ ಹೋಗಿ ನೋಡಿದರೆ ಗೋಡೆಗೆ ಹೊಸದಾಗಿ ಒಂದು ಮೊಳೆ, ಅದರ ಕೆಳಗೆ ಒರೆಸಿಟ್ಟ ಮರದ ಪೆಟ್ಟಿಗೆ. ಸೀರೆ ತೂಗುಹಾಕಲು, ಕೂತು ಬೂಟು ಹಾಕಿಕೊಳ್ಳಲು. ಆ ಕೊಟ್ಟಿಗೆಯ ವಾಸನೆ, ಎಣ್ಣೆ ಮತ್ತು ಹಸಿ ಹುಲ್ಲಿನದು, ಇವತ್ತಿಗೂ ಎಲ್ಲಾದರೂ ಮೂಗಿಗೆ ಬಡಿದರೆ ನಾನು ನಿಂತುಬಿಡುತ್ತೇನೆ.

ಅವರ ಪಾಠದಲ್ಲಿ ಎರಡೇ ಕಟ್ಟುನಿಟ್ಟು. ಒಂದು, ಎದುರಿನವರು ಹೊಡೆಯುವಾಗ ನಿಮ್ಮ ನೆರಳು ಅವರ ಚೆಂಡಿನ ಹಾದಿಯಲ್ಲಿ ಬೀಳಬಾರದು. ಇನ್ನೊಂದು, ಚೆಂಡು ಕುಳಿಯ ಅಂಚಿನಲ್ಲಿದ್ದರೂ ಹೊಡೆದು ಒಳಗೆ ಹಾಕಲೇಬೇಕು.

"ಇನ್ನು ಒಂದು ಗೇಣಿದೆ ಅಷ್ಟೇ ಅಲ್ವಾ, ಎತ್ಕೊಳ್ಲಾ?" ಎಂದು ಒಮ್ಮೆ ಕೇಳಿದೆ.

"ಸದ್ದು ಕೇಳ್ಸಿತಾ?"

"ಇಲ್ಲ."

"ಹಾಗಾದ್ರೆ ಬಿದ್ದಿಲ್ಲ."

ಚೆಂಡು ಕುಳಿಯ ತಳಕ್ಕೆ ಬಿದ್ದಾಗ ಬರುವ ಆ ಟೊಳ್ಳು ಸದ್ದನ್ನು ಕೇಳುವ ತನಕ ಅವರಿಗೆ ಸಮಾಧಾನವಿಲ್ಲ. ಮನೆಯಲ್ಲಿ ಹೇಳಿದಾಗ ನನ್ನವರು ಅವರಿಗೆ 'ಸದ್ದಿನ ಮೇಷ್ಟ್ರು' ಎಂದು ಹೆಸರಿಟ್ಟರು. ರಾತ್ರಿ ಊಟವಾದ ಮೇಲೆ ನಡುಮನೆಯ ಚಾಪೆಯ ತುದಿಯಲ್ಲಿ ಒಂದು ಸ್ಟೀಲ್ ಲೋಟವನ್ನು ಅಡ್ಡ ಮಲಗಿಸಿ, "ಬಾ, ಹೊಡಿ," ಎನ್ನುತ್ತಿದ್ದರು. ಚೆಂಡು ಲೋಟಕ್ಕೆ ಹೋದರೆ ಠಣ್ ಎನ್ನುತ್ತಿತ್ತು. ಮಗಳು ಒಳಗಿಂದ, "ನಿದ್ದೆ ಬರ್ತಿಲ್ಲ!" ಎಂದು ಕೂಗುವಳು. ಬೆಳಿಗ್ಗೆ ನಾನಿಲ್ಲದಾಗ ಅವಳಿಗೆ ಜಡೆ ಹಾಕುತ್ತಿದ್ದವರೂ ಅವರೇ. ಕುದುರೆಯ ಬಾಲವನ್ನು ಅಷ್ಟು ಚೆನ್ನಾಗಿ ಬರೆಯುತ್ತಿದ್ದ ಆ ಕೈಗೆ ಎರಡು ಜಡೆ ಸಮ ಮಾಡಲು ಕೊನೆಗೂ ಬರಲಿಲ್ಲ.

ಹನ್ನೊಂದನೇ ತಿಂಗಳು ಅವಕಾಶ ಬಂತು. ಬಂದರಿನ ಕಾರ್ಮಿಕರ ಪಿಂಚಣಿ ನಿಧಿ ಬಹಳ ದೊಡ್ಡದು. ಅದನ್ನು ಯಾರ ಕೈಗೆ ಒಪ್ಪಿಸಬೇಕೆಂದು ಆ ನಿಧಿಯ ಅಧ್ಯಕ್ಷರು ಹುಡುಕುತ್ತಿದ್ದರು. ನಿರ್ದೇಶಕರು ಅವರನ್ನು ಶನಿವಾರ ಆಟಕ್ಕೆ ಕರೆದಿದ್ದರು. ಶುಕ್ರವಾರ ಮಧ್ಯಾಹ್ನ, ಆಡಬೇಕಿದ್ದ ನಾಲ್ವರಲ್ಲಿ ಒಬ್ಬರಿಗೆ ಸೊಂಟ ಹಿಡಿದುಕೊಂಡಿತು.

"ಸರ್, ನಾನು ಆಡ್ತೀನಿ," ಎಂದೆ.

ನಿರ್ದೇಶಕರು ಕನ್ನಡಕ ತೆಗೆದು ನೋಡಿದರು. "ನೀವಾ? ಯಾವಾಗಿಂದ?" ಆಮೇಲೆ, "ಚೆನ್ನಾಗಿ ಹೋದ್ರೆ ಸೋಮವಾರ ಆ ಕಿಟಕಿ ಕುರ್ಚಿ ವಿಷಯಾನೂ ಮಾತಾಡೋಣ," ಎಂದರು.

ಶನಿವಾರ ಒಂಬತ್ತು ಕುಳಿಗಳ ಆಟ. ನಿರ್ದೇಶಕರು ಇಸ್ತ್ರಿಯ ಎದುರು, ಅಧ್ಯಕ್ಷರು ನನ್ನ ಎದುರು. ಅಧ್ಯಕ್ಷರು ಎತ್ತರದ, ಬಿಳಿ ಹುಬ್ಬಿನ ಮನುಷ್ಯ. ನನ್ನ ಚೀಲದ ಪಟ್ಟಿ ಜಾರಿದಾಗ ತಾವೇ ಎತ್ತಿ ನನ್ನ ಭುಜಕ್ಕೆ ಹಾಕಿ ಮುಂದೆ ನಡೆದರು. ಉದ್ದ ಹೊಡೆಯುವುದರಲ್ಲಿ ಅವರ ಮುಂದೆ ನಾನು ಏನೇನೂ ಅಲ್ಲ. ಆದರೆ ಕುಳಿಯ ಹತ್ತಿರ ಬಂದರೆ ನಮ್ಮ ಮನೆಯ ಲೋಟ ನನ್ನ ಕೈಹಿಡಿಯುತ್ತಿತ್ತು. ಅವರ ಚೆಂಡು ಕುಳಿಯ ಸಮೀಪ ನಿಂತಾಗಲೆಲ್ಲ ನಿರ್ದೇಶಕರು ದೂರದಿಂದಲೇ, "ಸಾಕು ಸರ್, ಎತ್ಕೊಳ್ಳಿ!" ಎಂದು ಕೂಗುತ್ತಿದ್ದರು. ಅವರು ಎತ್ತಿಕೊಳ್ಳುತ್ತಿದ್ದರು. ಹಿರಿಯರು, ಅತಿಥಿಗಳು, ಅವರಿಗೆ ಬಗ್ಗುವುದು ಕಷ್ಟವೇನೋ ಎಂದುಕೊಂಡೆ. ನನ್ನ ಚೆಂಡು ಹಾಗೆ ನಿಂತಾಗ ಅವರೂ ಒಮ್ಮೆ, "ಅಷ್ಟು ಸಾಕಮ್ಮ," ಎಂದರು. "ಹಾಕಿಬಿಡ್ತೀನಿ ಸರ್," ಎಂದು ನಾನು ಹಾಕಿಯೇ ಬಿಟ್ಟೆ. ಸದ್ದು ಕೇಳಬೇಡವೇ?

ಕೊನೆಯ ಕುಳಿಗೆ ಬಂದಾಗ ನಾವಿಬ್ಬರೂ ಸಮ ಸಮ. ನನ್ನ ಚೆಂಡನ್ನು ನಾನು ಹಾಕಿ ಮುಗಿಸಿದ್ದೆ. ಅವರ ಚೆಂಡು ಕುಳಿಯಿಂದ ಒಂದೇ ಗೇಣು. ಅದು ಬಿದ್ದರೆ ಪಂದ್ಯ ಸಮ. ನಿರ್ದೇಶಕರು ಪಕ್ಕದ ಮರಳುಗುಂಡಿಯಲ್ಲಿ ಸಿಕ್ಕಿಕೊಂಡಿದ್ದರು, ಅವರ ಟೋಪಿ ಮಾತ್ರ ಕಾಣುತ್ತಿತ್ತು. ಇಸ್ತ್ರಿ ಪೊದೆಯಲ್ಲಿ ಚೆಂಡು ಹುಡುಕುತ್ತಿದ್ದ. ಅಧ್ಯಕ್ಷರು ಕೋಲು ಊರಿಕೊಂಡು ನನ್ನ ಮುಖ ನೋಡಿದರು. ನಾನೂ ಅವರ ಮುಖ ನೋಡಿದೆ. ಅವರು ಏನನ್ನೋ ಕಾಯುತ್ತಿದ್ದಾರೆ ಅನ್ನಿಸಿತು. ಕೆಳಗೆ ನೋಡಿದರೆ ನನ್ನ ನೆರಳು ಸರಿಯಾಗಿ ಅವರ ಚೆಂಡಿನ ಹಾದಿಯಲ್ಲಿ! ನಾಲಿಗೆ ಕಚ್ಚಿಕೊಂಡು, ತಲೆ ಬಾಗಿಸಿ, ಎರಡು ಹೆಜ್ಜೆ ಹಿಂದೆ ಸರಿದೆ.

ಅವರು ಇನ್ನೂ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಬಾಗಿದರು. ಆಗ ಕಂಡೆ, ಅವರ ಬಲಗೈ ನಡುಗುತ್ತಿತ್ತು. ಗಾಳಿಗೆ ಎಲೆ ನಡುಗಿದ ಹಾಗೆ ಸಣ್ಣಗೆ, ಬಿಡದೆ. ಚೆಂಡು ಕುಳಿಯ ಅಂಚನ್ನು ಸವರಿಕೊಂಡು ಆಚೆ ಹೋಯಿತು.

ಮರಳುಗುಂಡಿಯಿಂದ ನಿರ್ದೇಶಕರ ತಲೆ ಪೂರ್ತಿ ಮೇಲೆ ಬಂದಿತ್ತು. ಅಧ್ಯಕ್ಷರು ಸುತ್ತಿ ಬಂದು, ಮತ್ತೆ ಬಾಗಿ, ಮತ್ತೆ ಹೊಡೆದರು. ಈ ಸಲ ಬಿತ್ತು. ಆ ಸದ್ದು ಇಡೀ ಮೈದಾನಕ್ಕೆ ಕೇಳಿಸಿತೇನೋ. "ಬಿತ್ತಲ್ಲಮ್ಮ," ಎಂದರು, ಎಡಗೈ ಚಾಚಿ ನನ್ನ ಕೈ ಕುಲುಕಿ, ಕಾರಿನ ಕಡೆ ನಡೆದರು.

ನನಗೆ ವಿಷಯ ಬಿಡಿಸಿ ಹೇಳಿದವನು ಇಸ್ತ್ರಿ. ಎಲ್ಲರೂ ಹೋದ ಮೇಲೆ ನನ್ನ ಕೈಗೊಂದು ಲೋಟ ಚಹಾ ಕೊಟ್ಟು, ಪಕ್ಕದಲ್ಲಿ ಕೂತು, ಆದಷ್ಟು ಮೆಲ್ಲಗೆ ಹೇಳಿದ.

"ಚೆಂಡು ಅಷ್ಟು ಹತ್ತಿರ ಇದ್ರೆ ಎದುರಾಳಿ 'ಸಾಕು, ಎತ್ಕೊಳ್ಳಿ' ಅನ್ನಬೇಕು. ಅದು ಬಿದ್ದ ಲೆಕ್ಕಾನೇ. ಹೇಳೋ ಹಕ್ಕು ಎದುರಾಳಿಗೇ. ನಮ್ಮ ನಿರ್ದೇಶಕರು ಸುಮ್ನೆ ಬಾಯಿ ಹಾಕ್ತಿದ್ರು. ಅಧ್ಯಕ್ಷರ ಕೈ ಹಾಗಾಗಿ ಆರು ವರ್ಷ ಆಯ್ತಂತೆ. ಆರು ವರ್ಷದಿಂದ ಯಾರೂ ಅವರ ಹತ್ರ ಗೇಣು ದೂರದ ಚೆಂಡು ಹೊಡೆಸಿಲ್ಲ."

"ನನಗೆ ಗೊತ್ತಿರ್ಲಿಲ್ಲ."

"ನಂಗೆ ಗೊತ್ತಾಯ್ತು, ನಿಮ್ಮ ಮುಖ ನೋಡ್ದಾಗ," ಎಂದ. ನನಗೆ ಗೊತ್ತಿರಲಿಲ್ಲ ಎಂಬುದನ್ನು ಅವನು ಆಫೀಸಿನಲ್ಲಿ ಯಾರಿಗೂ ಹೇಳಲಿಲ್ಲ. 'ಪಾಪ, ಆಟದ ಪದ್ಧತಿ ಗೊತ್ತಿಲ್ಲದೆ ಆಡಲು ಹೋಗಿದ್ದಳು' ಎಂದು ನಾಲ್ಕು ಜನ ನಗಬಾರದೆಂದು ಅವನ ಎಣಿಕೆ. ಒಳ್ಳೆಯ ಮನಸ್ಸಿನಿಂದಲೇ ಮಾಡಿದ.

ಸೋಮವಾರ ಯಾರೂ ಕುರ್ಚಿಯ ವಿಷಯ ಮಾತಾಡಲಿಲ್ಲ. ಬಂದರಿನ ನಿಧಿ ಬೇರೆ ಕಂಪನಿಗೆ ಹೋಯಿತು. ಅವರ ಸಮಿತಿ ಮೊದಲೇ ಹಾಗೆ ನಿರ್ಧರಿಸಿತ್ತೋ, ಆ ಚೆಂಡಿನಿಂದಲೇ ಹೋಯಿತೋ, ಇವತ್ತಿಗೂ ನನಗೆ ತಿಳಿಯದು. ಚೆಂಡಿನಿಂದಲೇ ಎಂಬುದರಲ್ಲಿ ಆಫೀಸಿನವರಿಗೆ ಮಾತ್ರ ಸಂದೇಹವೇ ಇರಲಿಲ್ಲ. ತಿಂಗಳ ಕೊನೆಯಲ್ಲಿ ಇಸ್ತ್ರಿ ಕಿಟಕಿಯ ಪಕ್ಕ ಕೂತ. ನಾನು ಬೀರುವಿನ ಪಕ್ಕ ಮೊಣಕೈ ಎಳೆದುಕೊಂಡೆ.

ಮಾಲಿಗೆ ಹೇಳಿದಾಗ ಅವರು ಬಹಳ ಹೊತ್ತು ಯಂತ್ರದ ಹಿಡಿಯನ್ನೇ ಒರೆಸಿದರು. "ತಪ್ಪು ನಂದೇ ಅಮ್ಮ. ನಾವು ಮಾಲಿಗಳು ಬೆಳಿಗ್ಗೆ ನಮ್ಮ ನಮ್ಮಲ್ಲೇ ಆಡ್ತೀವಿ. ನಮಗೆ ಯಾರೂ ಯಾವತ್ತೂ 'ಸಾಕು, ಎತ್ಕೋ' ಅಂದಿಲ್ಲ. ಅಂಥದ್ದೊಂದು ಕಲಿಸಬೇಕು ಅಂತಾನೇ ಹೊಳೀಲಿಲ್ಲ." ಕೆಲವು ವಾರದ ನಂತರ ಅವರೇ ಇನ್ನೊಂದು ಸುದ್ದಿ ಹೇಳಿದರು. ಅಧ್ಯಕ್ಷರು ಈಗ ಬುಧವಾರ ಬೆಳಿಗ್ಗೆ ಒಬ್ಬರೇ ಬಂದು, ಗೇಣು ದೂರದಲ್ಲಿ ಚೆಂಡಿಟ್ಟುಕೊಂಡು, ಬೀಳುವ ತನಕ ಹೊಡೆಯುತ್ತಾರಂತೆ. ಒಮ್ಮೆ ನಾನೂ ಕಂಡೆ. ಅವರು ಟೋಪಿ ಎತ್ತಿದರು. ನಾನು ಕೈ ಮುಗಿದೆ. ಅಷ್ಟೆ.

ಮನೆಯಲ್ಲಿ ಅಂದು ಕುರ್ಚಿ ಹೋಯಿತೆಂದು ಹೇಳಿ, ಕೋಲುಗಳನ್ನು ಮಂಚದ ಕೆಳಗೆ ತಳ್ಳಿದೆ. ನನ್ನವರು ಮಾತ್ರ ಚಾಪೆಯ ತುದಿಯ ಲೋಟವನ್ನು ತೆಗೆಯಲಿಲ್ಲ. ಗುಡಿಸುವಾಗ ಎತ್ತಿ, ಗುಡಿಸಿ, ಮತ್ತೆ ಅಲ್ಲೇ ಅಡ್ಡ ಮಲಗಿಸುತ್ತಿದ್ದರು. ಬಂದ ನೆಂಟರು, "ಏನ್ರೀ, ಲೋಟ ಬಿದ್ದಿದೆ," ಎಂದರೆ, "ಬಿದ್ದಿಲ್ಲ, ಕಾಯ್ತಾ ಇದೆ," ಎನ್ನುವರು. ಮೂರು ವರ್ಷ ಆ ಲೋಟ ಅಲ್ಲಿತ್ತು.

ಮೂರು ವರ್ಷದ ನಂತರ ಇಸ್ತ್ರಿಗೆ ಬೇರೆ ಕಂಪನಿಯಲ್ಲಿ ಇನ್ನೂ ದೊಡ್ಡ ಕುರ್ಚಿ ಸಿಕ್ಕಿತು. ನಿರ್ದೇಶಕರು ನನ್ನನ್ನು ಕರೆದರು. ಹಿಂದಿನ ರಾತ್ರಿ ಇಡೀ ಅವರು ಕೇಳಬಹುದಾದ ಪ್ರಶ್ನೆಗಳಿಗೆಲ್ಲ ಉತ್ತರ ಕಲಿತಿದ್ದೆ. ಅವರು ಒಂದನ್ನೂ ಕೇಳಲಿಲ್ಲ. ಮೇಜಿನ ಮೇಲೆ ಸಹಿಯಾಗದ ಒಂದು ಪತ್ರವಿತ್ತು. ಅದರ ಮೇಲೆ ಕೈಯಿಟ್ಟು ಹೇಳಿದರು:

"ಆ ದಿನ ನಾನು ಮರಳುಗುಂಡೀಲಿ ನಿಂತು ಎಲ್ಲ ನೋಡ್ದೆ. ಅವರು ನಿಮ್ಮ ಮುಖ ನೋಡಿದ್ರು. ನೀವೂ ನೆಟ್ಟಗೆ ನೋಡಿ, ಎರಡು ಹೆಜ್ಜೆ ಹಿಂದೆ ಹೋಗಿ, ಹೊಡೀರಿ ಅಂತ ನಿಂತ್ರಿ. ಅಂಥಾ ದೊಡ್ಡ ಮನುಷ್ಯನಿಗೆ! ಆಗ ನನಗೆ ಮೈಯೆಲ್ಲ ಉರಿದುಹೋಗಿತ್ತು. ಈ ಮೂರು ವರ್ಷ ನಮ್ಮ ವಿಭಾಗ ಕಂಡ ಕಂಡ ಕಂಪನಿಗೆಲ್ಲ 'ಸಾಕು, ಎತ್ಕೊಳ್ಳಿ' ಅಂದು ಅಂದು ಎಷ್ಟು ದುಡ್ಡು ಮುಳುಗ್ತು ಅಂತ ನಿಮಗೇ ಗೊತ್ತು. ಯಾರ ಮುಖ ದಾಕ್ಷಿಣ್ಯಕ್ಕೂ ಒಂದು ಗೇಣು ಬಿಟ್ಟುಕೊಡದವರು ಬೇಕು ನನಗೆ. ಆಡಳಿತ ಮಂಡಳಿಗೂ ಆ ಕಥೇನೇ ಹೇಳಿದೀನಿ."

ನಾನು ಸುಮ್ಮನೆ ಕೂತಿದ್ದರೆ ಸಾಕಿತ್ತು. ಸಹಿ ಬೀಳುತ್ತಿತ್ತು. ಕಿಟಕಿ, ಆಚೆಯ ಮರದ ತುದಿ, ಬೀರುವಿನಿಂದ ದೂರ, ಎಲ್ಲ ನನ್ನದಾಗುತ್ತಿತ್ತು. ಆದರೆ ಸದ್ದು ಕೇಳಿಸದೆ ಬಿದ್ದ ಲೆಕ್ಕ ಹಾಕುವ ಅಭ್ಯಾಸ ನನಗಿರಲಿಲ್ಲ.

"ಸರ್, ಅದು ಧೈರ್ಯ ಅಲ್ಲ. ನನಗೆ ಆ ಪದ್ಧತಿನೇ ಗೊತ್ತಿರ್ಲಿಲ್ಲ. ನೆರಳು ಅಡ್ಡ ಬಿತ್ತು ಅಂತ ಹಿಂದೆ ಸರಿದೆ."

ಅವರು ಕಣ್ಣು ಮಿಟುಕಿಸದೆ ನೋಡಿದರು. ಪತ್ರದ ಮೇಲಿನ ಕೈ ಹಿಂದಕ್ಕೆ ಹೋಯಿತು. ಹೋಯಿತು, ಎರಡನೇ ಸಲವೂ ಹೋಯಿತು ಎಂದುಕೊಂಡೆ.

"ನೆರಳಾ?"

"ಹೌದು ಸರ್."

ಅವರು ನಗಲು ಶುರುಮಾಡಿದರು. ಕನ್ನಡಕ ತೆಗೆದು, ಕಣ್ಣೊರೆಸಿಕೊಂಡು, ಮತ್ತೆ ನಕ್ಕರು. ಪಕ್ಕದ ಕೋಣೆಯ ಬೆರಳಚ್ಚುಗಾರ್ತಿ ಬಾಗಿಲಿಂದ ಇಣುಕಿ ಹೋದಳು. ನಗು ನಿಂತ ಮೇಲೆ ಅವರು ಕಪಾಟಿನಿಂದ ನನ್ನ ವರದಿಗಳ ಕಟ್ಟು ತೆಗೆದು ಮುಂದಿಟ್ಟರು. ಎಲ್ಲರೂ ಹೊಗಳಿದ್ದ ಕಂಪನಿಗಳ ಬಗ್ಗೆ ನಾನು ಬೇಡ ಎಂದು ಬರೆದವು.

"ಇದಾದ್ರೂ ಗೊತ್ತಿದ್ದೇ ಬರೆದದ್ದಾ? ಇಲ್ಲ, ಇದೂ ನೆರಳೇನಾ?"

"ಅದು ಗೊತ್ತಿದ್ದೇ ಬರೆದದ್ದು ಸರ್."

ಅವರು ಪೆನ್ನಿನ ಮುಚ್ಚಳ ತೆಗೆದರು. "ಹಾಗಾದ್ರೆ ಇನ್ನು ಒಂದು ಗೇಣು ಉಳಿದಿತ್ತು ಅಷ್ಟೆ," ಎಂದು ಸಹಿ ಹಾಕಿ, ಪತ್ರವನ್ನು ನನ್ನ ಕಡೆ ತಳ್ಳಿದರು. "ಸಾಕು, ಎತ್ಕೊಳ್ಳಿ."

ಮೊಮ್ಮಗಳು ಟವೆಲ್ಲನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. "ಅಂದ್ರೆ ಗಾಲ್ಫಿಂದ ಉಪಯೋಗ ಆಯ್ತೋ, ಇಲ್ವೋ?"

"ಕಲಿತಿದ್ದಕ್ಕೆ ಒಂದು ಸಲ ಕುರ್ಚಿ ಹೋಯ್ತು. ಪೂರ್ತಿ ಕಲೀದೆ ಇದ್ದಿದ್ದಕ್ಕೆ ಇನ್ನೊಂದು ಸಲ ಬಂತು."

"ಇದನ್ನ ಆಫೀಸಿನ ಫಾರಂನಲ್ಲಿ ಏನಂತ ಬರೀಲಿ ಅಜ್ಜಿ?"

"ಬೆಳಿಗ್ಗೆ ಬೇಗ ಏಳೋಕೆ ಬೇಜಾರಿಲ್ಲ ಅಂದ್ರೆ ಸೇರ್ಕೋ. ಹುಲ್ಲಿನ ವಾಸನೆಗಾದ್ರೂ ಸೇರ್ಕೋ. ಕುರ್ಚಿಗೋಸ್ಕರ ಆದ್ರೆ, ವರದಿ ಚೆನ್ನಾಗಿ ಬರಿ."

ಅವಳು ನಕ್ಕಳು. ಆಮೇಲೆ, "ತಾತ ಏನಂದ್ರು ಆವತ್ತು?" ಎಂದು ಕೇಳಿದಳು.

ಅವರು ಏನೂ ಅನ್ನಲಿಲ್ಲ. ಆ ಸಂಜೆ ನಾನು ಬಾಗಿಲಲ್ಲಿ ನಿಂತು ಪತ್ರ ತೋರಿಸಿದಾಗ, ಮಗಳಿಗೆ ಲೆಕ್ಕ ಹೇಳಿಕೊಡುತ್ತಿದ್ದವರು ಎದ್ದು ಬಂದರು. ಪತ್ರವನ್ನು ಎರಡು ಸಲ ಓದಿದರು. ಚಾಪೆಯ ತುದಿಗೆ ಹೋಗಿ, ಬಗ್ಗಿ, ಲೋಟವನ್ನು ಎತ್ತಿಕೊಂಡರು. ಅಡುಗೆಮನೆಯಲ್ಲಿ ಅದನ್ನು ಉಜ್ಜುವ ಸದ್ದು ಬಹಳ ಹೊತ್ತು ಕೇಳಿಸಿತು. ಮೂರು ವರ್ಷದ ಧೂಳಲ್ಲವೇ. ಆಮೇಲೆ ಅದರಲ್ಲೇ ಬಿಸಿ ಬಿಸಿ ಚಹಾ ಸೋಸಿ, ಕೈ ಸುಡದಿರಲೆಂದು ಒಂದು ಬಟ್ಟೆ ಸುತ್ತಿ, ನನ್ನ ಕೈಗೆ ಕೊಟ್ಟರು.